ಅಪ್‌ಡೇಟ್: ರೌಟ್‌ಬರ್ನ್ ಟ್ರ್ಯಾಕ್‌ನಲ್ಲಿ ಅರ್ಧ ದಿನದ ನಡಿಗೆ

ನ್ಯೂಜಿಲೆಂಡಿನ ಬೆಟ್ಟಗಳ ನಡುವಿನ ಕಾಲ್ನಡಿಗೆ ದಾರಿಯಾದ ರೌಟ್‌ಬರ್ನ್ ಟ್ರ್ಯಾಕ್‌ನಲ್ಲಿ ಮಾರ್ಗದರ್ಶಿಯಿಲ್ಲದೆ ಒಂದೇ ದಿನದಲ್ಲಿ ಎಷ್ಟು ದೂರ ನಡೆಯಬಹುದೆಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಟೆ ಅನಾವು ಪಟ್ಟಣದಿಂದ ಸುಮಾರು 85 ಕಿ.ಮೀ. ದೂರದಲ್ಲಿ, ಟ್ರ್ಯಾಕ್‌ನ ಒಂದು ತುದಿಯಾದ ‘ದಿ ಡಿವೈಡ್’ನಲ್ಲಿ ಕಾರು ನಿಲ್ಲಿಸಿ, 918 ಮೀಟರ್ ಎತ್ತರದ ಕೀ ಸಮಿಟ್‌ಗೆ ಹೋಗಿ ಮರಳಬೇಕೆಂಬ ಸಲಹೆಯೇ ನಮಗೆ ಸರಿಹೊಂದಿತು, ಅಮ್ಮನೂ ಜೊತೆಗಿದ್ದುದರಿಂದ ಮೂರು ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ಹಗಲು ನಡಿಗೆಗೆ ಮುಂಗಡ ಕಾಯ್ದಿರಿಸುವ ಅಗತ್ಯವಿರಲಿಲ್ಲ. ಮೆಕೆಂಜಿ ಸರೋವರದವರೆಗೂ ಹೋಗಿ ಬನ್ನಿ ಎಂಬ ಸಲಹೆ ನಮಗಾಗಲಿಲ್ಲ, ಏಕೆಂದರೆ ಅದು ಒಂದು ಬದಿಗೇ 12 ಕಿ.ಮೀ. ದಾರಿಯ ತಂಗುಮನೆಯಾದ ಹೌಡನ್ ಹಟ್‌ನಲ್ಲಿ ವಿಶ್ರಮಿಸಿ ಎಂದವರು ದಯವಿಟ್ಟು ಗಮನಿಸಿ: 2020ರ ಫೆಬ್ರವರಿಯ ಭೂಕುಸಿತದಲ್ಲಿ ಅದು ನಾಶವಾಗಿದೆ.

ಕೀ ಸಮಿಟ್ ಮೇಲಿನ ಜೌಗಿನಲ್ಲಿ, ಎಲೆಯ ಕೂದಲುಗಳ ತುದಿಯ ಜಿಗುಟು ಹನಿಗಳಿಂದ ಹುಳ ಹಿಡಿಯುವ ಕೆಂಪನೆಯ ಪುಟ್ಟ ಗಿಡಗಳನ್ನು ಅಮ್ಮ ಬಹಳ ಹೊತ್ತು ಬಾಗಿ ನೋಡಿದರು. ಅಲ್ಲಿಂದ ಇಳಿಯುವ ನೀರು ಹಾಲಿಫರ್ಡ್, ಎಗ್ಲಿಂಟನ್, ಗ್ರೀನ್‌ಸ್ಟೋನ್ ಎಂಬ ಮೂರು ಕಣಿವೆಗಳಿಗೆ ಹಂಚಿಹೋಗಿ, ದ್ವೀಪದ ಮೂರು ದಿಕ್ಕಿನ ಕಡಲುಗಳನ್ನು ಸೇರುತ್ತದೆಂಬುದು ನಮಗೆ ನಿಜಕ್ಕೂ ಹೊಸ ಸಂಗತಿಯಾಗಿತ್ತು. ದಾರಿಯಲ್ಲಿ ನಮ್ಮ ಮೊಬೈಲಿಗೆ ಸಿಗ್ನಲ್ ಸಿಗಲಿಲ್ಲ; ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಮಳೆ ಅಂಗಿಯನ್ನು ಮರೆಯಬೇಡಿ.