ಸುತ್ತೋಲೆ ಬರುತ್ತದೆ, ಸುದ್ದಿ ಮುಟ್ಟುವುದಿಲ್ಲ: ನಿಮ್ಮಲ್ಲಿ ಹೇಗೆ ಮಾಡುತ್ತೀರಿ?

ಕೇಳಿದವರು: ಸಹಾಯಕ ಪ್ರಾಧ್ಯಾಪಕಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ವಿಶ್ವವಿದ್ಯಾಲಯದ ಐಕ್ಯೂಎಸಿ (ಒಳಗಿನ ಗುಣಮಟ್ಟ ನೋಡಿಕೊಳ್ಳುವ ಘಟಕ) ಕೆಲಸ ನನ್ನ ಹೆಗಲಿಗೆ ಬಂತು. ಪಾಠ, ಪರೀಕ್ಷೆ, ನ್ಯಾಕ್ (ಕಾಲೇಜುಗಳಿಗೆ ಮಾನ್ಯತೆಯ ಶ್ರೇಣಿ ಕೊಡುವ ಸಂಸ್ಥೆ), ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ, ಸರ್ಕಾರದ ಆದೇಶ ಇವೆಲ್ಲ ಕಾಲಕಾಲಕ್ಕೆ ನಮ್ಮ ಸಿಬ್ಬಂದಿಗೆ ತಿಳಿಸುವುದೂ ಅದರಲ್ಲೇ ಸೇರಿದೆ.

ಈಗ ಇರುವ ದಾರಿ ಒಂದೇ, ವಾಟ್ಸ್ಆ್ಯಪ್ ಗುಂಪು. ಬಂದ ಪಿಡಿಎಫ್ ಅನ್ನು ಅಲ್ಲಿ ಹಾಕುವುದು, ಕೆಳಗೆ ಹತ್ತು ಜನ ಕೈ ಮುಗಿಯುವ ಚಿತ್ರ ಹಾಕುವುದು, ಅಷ್ಟೇ. ಎರಡು ವಾರ ಬಿಟ್ಟು ಕೇಳಿದರೆ "ಹೌದಾ ಮೇಡಂ, ಯಾವಾಗ ಬಂತು ಅದು?" ಅನ್ನುತ್ತಾರೆ. ಅವರನ್ನು ದೂರುವುದೂ ಸರಿಯಲ್ಲ. ನಲವತ್ತು ಪುಟದ ಇಂಗ್ಲಿಷ್ ಕಡತವನ್ನು ಫೋನಿನಲ್ಲಿ ಓದುವವರು ಯಾರು? ನಿಮ್ಮ ನಿಮ್ಮ ಕಡೆ ಹೇಗೆ ಮಾಡಿದಿರಿ, ಯಾವುದು ನಡೆಯಿತು, ಯಾವುದು ಕೈಕೊಟ್ಟಿತು, ದಯವಿಟ್ಟು ಹೇಳಿ.

ನಿವೃತ್ತ ಪ್ರಾಧ್ಯಾಪಕರು, ಬಳ್ಳಾರಿ

ಮೇಡಂ, ಈ ಕೆಲಸವನ್ನು ನಾನು ಎಂಟು ವರ್ಷ ಮಾಡಿದ್ದೇನೆ. ಮೊದಲ ಎರಡು ವರ್ಷ ನಾನೂ ನೀವು ಹೇಳಿದ ಹಾಗೇ ಮಾಡಿದೆ. ಬಂದದ್ದನ್ನು ಮುಂದಕ್ಕೆ ಕಳಿಸಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕಳಿಸುವುದು ಬೇರೆ, ತಿಳಿಸುವುದು ಬೇರೆ. ಎಲ್ಲರ ಪರವಾಗಿ ಒಬ್ಬರು ಕೂತು ಪೂರ್ತಿ ಓದಬೇಕು. ಆ ಒಬ್ಬರು ಈಗ ನೀವು.

ಆಮೇಲೆ ನಾನು ಪ್ರತಿ ಸೋಮವಾರ ಒಂದು ಹಾಳೆ ಕೊಡಲು ಶುರು ಮಾಡಿದೆ. ಒಂದೇ ಹಾಳೆ, ಒಂದೇ ಮಗ್ಗುಲು. ಪ್ರತಿ ಸುದ್ದಿಗೆ ನಾಲ್ಕು ಸಾಲು: ಏನು ಬದಲಾಯಿತು, ಯಾರಿಗೆ ಅನ್ವಯ, ಯಾವತ್ತಿನಿಂದ, ನಾವು ಏನು ಮಾಡಬೇಕು. ನಾಲ್ಕನೇ ಸಾಲಿಗೆ ಉತ್ತರ ಸಿಗದಿದ್ದರೆ "ಸದ್ಯಕ್ಕೆ ಏನೂ ಮಾಡಬೇಕಿಲ್ಲ" ಅಂತ ಬರೆಯುತ್ತಿದ್ದೆ. ಆ ಒಂದು ಸಾಲು ಓದಿ ಎಷ್ಟು ಜನ ನೆಮ್ಮದಿಯಾಗುತ್ತಿದ್ದರು ಅಂದರೆ ನೀವು ನಂಬಲ್ಲ.

ಮುಖ್ಯವಾದದ್ದು ಇನ್ನೊಂದಿದೆ. ಕರಡು ಯಾವುದು, ಆದೇಶ ಯಾವುದು ಅನ್ನುವುದನ್ನು ಮೇಲೆಯೇ ದಪ್ಪ ಅಕ್ಷರದಲ್ಲಿ ಹಾಕಿ. 2025ರ ಜನವರಿಯಲ್ಲಿ ಯುಜಿಸಿ ಬೋಧಕರ ನೇಮಕಾತಿ, ಬಡ್ತಿ ಮತ್ತು ಕುಲಪತಿಗಳ ಆಯ್ಕೆ ಬಗ್ಗೆ ಒಂದು ಕರಡು ನಿಯಮಾವಳಿ ಹೊರಡಿಸಿತು. 2018ರ ನಿಯಮದ ಬದಲು ತರಬೇಕೆಂದು, ಅಭಿಪ್ರಾಯ ಕೇಳಲೆಂದು ಬಿಟ್ಟ ಕರಡು ಅದು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ವಿರೋಧಿಸಿದವು. ನಾನು ಆಗಲೇ ನಿವೃತ್ತನಾಗಿದ್ದೆ. ಆದರೂ ಹಳೆಯ ಸಹೋದ್ಯೋಗಿಗಳು ದಿನಕ್ಕೆ ಮೂರು ಮೂರು ಸಲ ಫೋನ್ ಮಾಡುತ್ತಿದ್ದರು. "ಸರ್, 2018ರ ನಿಯಮ ರದ್ದಾಯಿತಂತೆ, ನನ್ನ ಬಡ್ತಿ ಕಡತ ಏನಾಗುತ್ತದೆ?" ಅಂತ ಗಾಬರಿ. ಒಬ್ಬರಂತೂ ಕಳಿಸಬೇಕಿದ್ದ ಅರ್ಜಿಯನ್ನೇ ತಡೆದಿಟ್ಟುಕೊಂಡು ಕೂತಿದ್ದರು. "ಇದು ಕರಡು, ಇವತ್ತಿಗೆ 2018ರದ್ದೇ ಜಾರಿಯಲ್ಲಿದೆ" ಅಂತ ಆ ದಿನವೇ ಯಾರಾದರೂ ಒಂದು ಸಾಲು ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ, ಅಲ್ವಾ?

ಇನ್ನು ಮೂಲದ ಮಾತು. ಯಾರೋ ಕಳಿಸಿದ ಚಿತ್ರ, ಪತ್ರಿಕೆಯ ತುಣುಕು ನೋಡಿ ಹಾಳೆಗೆ ಹಾಕಬೇಡಿ. ಯುಜಿಸಿ ತಾಣದ ಪ್ರಕಟಣೆ, ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ಆದೇಶ, ನಿಮ್ಮ ವಿದ್ಯಾವಿಷಯಕ ಪರಿಷತ್ತಿನ ನಡಾವಳಿ ಇವನ್ನು ಕಣ್ಣಾರೆ ನೋಡಿ, ಆದೇಶ ಸಂಖ್ಯೆ ಮತ್ತು ತಾರೀಖು ಬರೆದು ಹಾಕಿ. ನಾನು ಒಮ್ಮೆ ಅವಸರ ಮಾಡಿ ಒಂದು ತಾರೀಖು ತಪ್ಪು ಹಾಕಿದೆ. ಮುಂದಿನ ಸೋಮವಾರ ಮೊದಲ ಸಾಲಿನಲ್ಲೇ ತಿದ್ದುಪಡಿ ಕೊಟ್ಟೆ. ಅದರಿಂದ ಹಾಳೆಯ ಮೇಲೆ ನಂಬಿಕೆ ಹೆಚ್ಚಾಯಿತೇ ಹೊರತು ಕಡಿಮೆ ಆಗಲಿಲ್ಲ.

ಅತಿಥಿ ಉಪನ್ಯಾಸಕ, ಸಿಂಧನೂರು

ಸರ್ ಹೇಳಿದ್ದು ಸರಿ. ಆದರೆ ಆ ಹಾಳೆ ನಮಗೆ ಬರುತ್ತದೆಯೇ? ಅದನ್ನು ಮೊದಲು ನೋಡಿ ಮೇಡಂ.

ನಾನು ಎರಡು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಿಬ್ಬಂದಿ ಗುಂಪು ಎಂದರೆ ಕಾಯಂ ಇರುವವರ ಗುಂಪು. ನಮ್ಮನ್ನು ಅದರಲ್ಲಿ ಸೇರಿಸುವುದು ಜೂನ್ ಕಳೆದ ಮೇಲೆ, ತೆಗೆಯುವುದು ಸೆಮಿಸ್ಟರ್ ಮುಗಿದ ದಿನ. ಆದರೆ ತರಗತಿಯಲ್ಲಿ ಜಾಸ್ತಿ ನಿಲ್ಲುವವರು ನಾವೇ.

2024-25ರಲ್ಲಿ ನಡೆದದ್ದು ಹೇಳುತ್ತೇನೆ. ಕರ್ನಾಟಕದಲ್ಲಿ 2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪ್ರಕಾರ ಪದವಿ ನಡೆಯುತ್ತಿತ್ತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ಆಯೋಗದ ಮಧ್ಯಂತರ ವರದಿ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಆದೇಶ ಮಾಡಿತು. ಹಾಗಾಗಿ ಆ ವರ್ಷ ಒಂದೇ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಎಸ್‌ಇಪಿ, ಎರಡು ಮತ್ತು ಮೂರನೇ ವರ್ಷದವರಿಗೆ ಎನ್‌ಇಪಿ. ಎನ್‌ಇಪಿಯಲ್ಲಿ ಆಂತರಿಕ ಅಂಕ 40, ಪರೀಕ್ಷೆ 60. ಹೊಸದರಲ್ಲಿ ಆಂತರಿಕ 20, ಪರೀಕ್ಷೆ 80. ಇದು ನನಗೆ ಯಾರೂ ಹೇಳಲಿಲ್ಲ. ನಾನು ಮೊದಲ ವರ್ಷದ ಮಕ್ಕಳಿಗೆ 40 ಅಂಕದ ಲೆಕ್ಕದಲ್ಲಿ ಕಿರುಪರೀಕ್ಷೆ, ನಿಯೋಜಿತ ಕಾರ್ಯ, ಸೆಮಿನಾರು ಎಲ್ಲ ಮಾಡಿಸಿಬಿಟ್ಟೆ. ಅಂಕ ತುಂಬಿಸಲು ಯುಯುಸಿಎಂಎಸ್ (ವಿಶ್ವವಿದ್ಯಾಲಯಗಳ ಆನ್‌ಲೈನ್ ತಾಣ) ತೆರೆದಾಗ 20ಕ್ಕಿಂತ ಮೇಲೆ ತೆಗೆದುಕೊಳ್ಳಲೇ ಇಲ್ಲ! ಎಲ್ಲ ಪಟ್ಟಿ ಮತ್ತೆ ಬರೆದೆ. ನನ್ನ ಶ್ರಮ ಹೋಗಲಿ, ಮಕ್ಕಳ ಮುಂದೆ ನಿಂತು "ನಾನು ಹೇಳಿದ ಲೆಕ್ಕ ತಪ್ಪು" ಅನ್ನಬೇಕಾಯಿತಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ನಮ್ಮ ಬದುಕಿಗೇ ತಾಗುವ ಸುದ್ದಿಗಳೂ ಇವೆ. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸ್ಲೆಟ್ (ರಾಷ್ಟ್ರ ಅಥವಾ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯವಲ್ಲ ಎಂದು ಯುಜಿಸಿ ತಿದ್ದುಪಡಿ ಮಾಡಿತು. ಅದೇ ವರ್ಷದಿಂದ ನಮ್ಮ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆಸೆಟ್ ಅನ್ನು ಮೈಸೂರು ವಿಶ್ವವಿದ್ಯಾಲಯದ ಬದಲು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತಿದೆ. ನನ್ನ ಗೆಳೆಯನೊಬ್ಬ ಹಳೆಯ ತಾಣವನ್ನೇ ನೋಡುತ್ತಾ ಅರ್ಜಿ ಹಾಕುವ ಕೊನೆಯ ದಿನ ಕಳೆದುಕೊಂಡ. ಇಂಥವನ್ನೂ ನಿಮ್ಮ ಹಾಳೆಯಲ್ಲಿ ಹಾಕಿ ಮೇಡಂ.

ಕಚೇರಿ ಅಧೀಕ್ಷಕರು, ರಾಯಚೂರು

ಸಿಬ್ಬಂದಿ ಅಂದ ಕೂಡಲೇ ಎಲ್ಲರೂ ಪಾಠ ಮಾಡುವವರನ್ನು ಮಾತ್ರ ನೆನೆಯುತ್ತಾರೆ. ನಾವು ಬೋಧಕೇತರರು. ಆದರೆ ನಿಯಮ ಬದಲಾದರೆ ಮೊದಲು ಕೆಲಸ ಹುಟ್ಟುವುದು ನಮ್ಮ ಮೇಜಿನ ಮೇಲೆ.

ನ್ಯಾಕ್ ವಿಷಯವನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆ ಅಂತ ಇದೆ. ನಾವು ಕೊಟ್ಟ ಇಮೇಲ್ ವಿಳಾಸಗಳಿಗೆ ನ್ಯಾಕ್ ನೇರವಾಗಿ ಪ್ರಶ್ನೆ ಕಳಿಸುತ್ತದೆ. ಪ್ರವೇಶದ ದಿನ ಗುಮಾಸ್ತರು ಗದ್ದಲದಲ್ಲಿ ಸೈಬರ್ ಅಂಗಡಿಯವರ ಇಮೇಲನ್ನೇ ಇಪ್ಪತ್ತು ಮಕ್ಕಳ ಹೆಸರಿನ ಮುಂದೆ ಹಾಕಿದ್ದರು. ಆ ಪ್ರಶ್ನೆ ಮಕ್ಕಳಿಗೆ ಹೇಗೆ ಮುಟ್ಟಬೇಕು? ಇದು ಯಾತಕ್ಕೆ ಬೇಕು ಅಂತ ಆ ಗುಮಾಸ್ತರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ ಮೇಲೆ ಅವರೇ ಕೂತು ಒಬ್ಬೊಬ್ಬ ಹುಡುಗನಿಗೂ ಫೋನ್ ಮಾಡಿ ಸರಿಪಡಿಸಿದರು. ಜನ ಸೋಮಾರಿಗಳಲ್ಲ, ಅವರಿಗೆ ಕಾರಣ ಗೊತ್ತಿರುವುದಿಲ್ಲ.

ನಾನು ಇಂಥ ಸೂಚನೆಗಳ ಒಂದು ಪ್ರತಿ ಟಪಾಲು ವಿಭಾಗದ ಪಕ್ಕದ ಗೋಡೆಗೆ, ನೀರಿನ ಫಿಲ್ಟರ್ ಹತ್ತಿರ ಅಂಟಿಸುತ್ತೇನೆ. ಬೇಸಿಗೆಯಲ್ಲಿ ರಾಯಚೂರಿನಲ್ಲಿ ನೀರಿಗೆ ಬರದೇ ಇರುವವರು ಯಾರೂ ಇಲ್ಲ. ಫೋನಿನಲ್ಲಿ ಓದದವರು ಅಲ್ಲಿ ನಿಂತು ಓದುತ್ತಾರೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಇಮೇಲ್ ವಿಷಯ ಓದಿ ನಾನು ಇವತ್ತೇ ನಮ್ಮ ಪಟ್ಟಿ ತೆಗೆಸಿ ನೋಡಿದೆ, ನಮ್ಮಲ್ಲೂ ಅದೇ ಕಥೆ. ಎರಡು ಅನುಮಾನ ಇವೆ. ಒಂದು, ಹಾಳೆ ಕನ್ನಡದಲ್ಲಿ ಇರಬೇಕೋ ಇಂಗ್ಲಿಷಿನಲ್ಲೋ? ಕೆಲವರು ನಿಯಮವನ್ನು ಕನ್ನಡಕ್ಕೆ ತಂದರೆ ಅರ್ಥ ಕೆಡುತ್ತದೆ ಅನ್ನುತ್ತಾರೆ. ಎರಡು, ಹಳೆಯ ಹಾಳೆಗಳನ್ನು ಏನು ಮಾಡುವುದು?

ಗ್ರಂಥಪಾಲಕಿ, ಗಂಗಾವತಿ

ಕನ್ನಡದಲ್ಲೇ ಬರೆಯಿರಿ ಮೇಡಂ, ಅದರ ಕೆಳಗೆ ಮೂಲದ ಕೊಂಡಿ ಕೊಡಿ. ಅರ್ಥ ಕೆಡುವುದು ಕನ್ನಡದಿಂದ ಅಲ್ಲ, ಅರ್ಧ ಓದಿ ಬರೆದರೆ ಕೆಡುತ್ತದೆ. ಐಕ್ಯೂಎಸಿ, ಕ್ರೆಡಿಟ್, ಸೆಮಿಸ್ಟರ್ ಇಂಥ ಪದಗಳನ್ನು ಹಾಗೇ ಇಡಿ. ಅದಕ್ಕೆಲ್ಲ ಹೊಸ ಪದ ಕಟ್ಟಲು ಹೋದರೆ ಓದುವವರು ಅಲ್ಲೇ ನಿಲ್ಲುತ್ತಾರೆ.

ನಾನು ಕೃತಿಚೌರ್ಯದ ನಿಯಮವನ್ನು ಹೀಗೆ ಕನ್ನಡದಲ್ಲಿ ಅರ್ಧ ಪುಟ ಬರೆದೆ. ಯುಜಿಸಿ 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ. 40ರಿಂದ 60 ಇದ್ದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. ಶೇ. 60 ದಾಟಿದರೆ ನೋಂದಣಿಯೇ ರದ್ದು. ಈ ನಿಯಮ ಬಂದು ಎಷ್ಟೋ ವರ್ಷ ಆಗಿತ್ತು. ಆದರೂ ಅರ್ಧ ಪುಟ ಅಂಟಿಸಿದ ವಾರ ಆರು ಜನ ಸಂಶೋಧನಾ ವಿದ್ಯಾರ್ಥಿಗಳು, ಇಬ್ಬರು ಮಾರ್ಗದರ್ಶಕರು ಬಂದು ವಿವರ ಕೇಳಿದರು.

ಹಳೆಯ ಹಾಳೆ ಎಸೆಯಲೇಬೇಡಿ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಟ್ಟು ಗ್ರಂಥಾಲಯದಲ್ಲಿ ಒಂದು ಫೈಲ್ ಮಾಡಿ. ಹಳೆಯ ಸುದ್ದಿ ಬದಲಾದರೆ ಹಳೆಯ ಹಾಳೆಯ ಮೇಲೇ ಕೆಂಪು ಶಾಯಿಯಲ್ಲಿ "ಇದು ಈಗ ಇಲ್ಲ, ಇಂಥ ಸಂಖ್ಯೆ ನೋಡಿ" ಅಂತ ಬರೆಯಿರಿ. ಇದರ ಬೆಲೆ ನನಗೆ ಗೊತ್ತಾದದ್ದು ಕೇರ್ ಪಟ್ಟಿಯ ವಿಷಯದಲ್ಲಿ. ಲೇಖನ ಪ್ರಕಟಿಸಲು ಯಾವ ಸಂಶೋಧನಾ ಪತ್ರಿಕೆ ಸರಿ ಅಂತ ನೋಡಲು ನಾವೆಲ್ಲ ಯುಜಿಸಿ ಕೇರ್ ಪಟ್ಟಿ ನೋಡುತ್ತಿದ್ದೆವು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿತು. ಪತ್ರಿಕೆ ಆರಿಸಲು ಸಲಹೆಯ ರೂಪದ ಮಾನದಂಡ ಕೊಟ್ಟು, ಪರಿಶೀಲಿಸುವ ಹೊಣೆಯನ್ನು ಸಂಸ್ಥೆಗಳಿಗೇ ಬಿಟ್ಟಿತು. ಅದಾದ ಮೇಲೂ ನಮ್ಮ ಒಬ್ಬ ಯುವ ಉಪನ್ಯಾಸಕಿ "ಕೇರ್ ಪಟ್ಟಿಯಲ್ಲಿದೆ" ಅನ್ನುವ ಜಾಹೀರಾತು ನಂಬಿ ದುಡ್ಡು ಕಟ್ಟಿದಳು. ಅವಳು ಓದಿದ್ದು ಗ್ರಂಥಾಲಯದ ಗೋಡೆಯ ಮೇಲೆ ನಾನೇ ಅಂಟಿಸಿದ್ದ ಹಳೆಯ ಸೂಚನೆ. ಅದನ್ನು ನಾನು ತೆಗೆದಿರಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಸಹ ಪ್ರಾಧ್ಯಾಪಕ, ಮಾನ್ವಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹಾಳೆ ಒಳ್ಳೆಯದೇ. ಆದರೆ ಎಲ್ಲ ತೀರ್ಮಾನ ಆದ ಮೇಲೆ ತಿಳಿಸುವುದು ಮಾತ್ರ ಆದರೆ ಅದು ಬರೀ ಡಂಗುರ. ಅಧ್ಯಯನ ಮಂಡಳಿಯ (ಪಠ್ಯಕ್ರಮ ರೂಪಿಸುವ ಸಮಿತಿಯ) ಸಭೆ ಇದೆ, ಪಠ್ಯಕ್ರಮ ಬದಲಾಗುತ್ತದೆ ಅನ್ನುವುದನ್ನು ಸಭೆಗೆ ಮೂರು ವಾರ ಮೊದಲು ತಿಳಿಸಿ. ನಮ್ಮಲ್ಲಿ ಒಂದು ವಿಷಯಕ್ಕೆ ನಿಗದಿ ಮಾಡಿದ ಪಠ್ಯಪುಸ್ತಕ ಅಂಗಡಿಯಲ್ಲೇ ಸಿಗುತ್ತಿರಲಿಲ್ಲ. ಮೊದಲೇ ಕೇಳಿದ್ದರೆ ತಾಲ್ಲೂಕು ಕೇಂದ್ರದ ಯಾವ ಉಪನ್ಯಾಸಕರಾದರೂ ಹೇಳುತ್ತಿದ್ದರು. ಹಾಳೆಯ ಕೆಳಗೆ ಎರಡು ಸಾಲು ಖಾಲಿ ಬಿಡಿ, "ಮುಂದೆ ಬರಲಿರುವುದು, ನಿಮ್ಮ ಮಾತು ಯಾವ ದಿನದೊಳಗೆ ಬೇಕು" ಅಂತ ಬರೆಯಿರಿ. ಕಳಿಸಿದ ಅಭಿಪ್ರಾಯ ಏನಾಯಿತು ಅಂತಲೂ ತಿಳಿಸಿ. ಒಪ್ಪದಿದ್ದರೂ ಪರವಾಗಿಲ್ಲ, ಯಾಕೆ ಒಪ್ಪಲಿಲ್ಲ ಅಂತ ಹೇಳಿದರೆ ಮುಂದಿನ ಸಲವೂ ಬರೆಯುತ್ತಾರೆ.

ಉಪನ್ಯಾಸಕಿ, ಕೊಪ್ಪಳ

ಕೊಪ್ಪಳ ವಿಶ್ವವಿದ್ಯಾಲಯ 2023ರಲ್ಲಿ ಶುರುವಾದದ್ದು ನಿಮಗೆಲ್ಲ ಗೊತ್ತು. ಅದಕ್ಕೂ ಮೊದಲು ಈ ಜಿಲ್ಲೆಯ ಕಾಲೇಜುಗಳು ಬಳ್ಳಾರಿಯ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ಕೆಳಗಿದ್ದವು. ಹೀಗೆ ಮನೆ ಬದಲಾದಾಗ ಯಾವ ಬ್ಯಾಚಿಗೆ ಯಾವ ವಿಶ್ವವಿದ್ಯಾಲಯ ಅಂಕಪಟ್ಟಿ ಕೊಡುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ. ಮಕ್ಕಳು, ತಂದೆತಾಯಿ ಎಲ್ಲರೂ ನಮ್ಮನ್ನೇ ಕೇಳುತ್ತಾರೆ.

2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯ ಮಟ್ಟದಲ್ಲಿ ಬಂದಾಗ ಈ ಕಡೆ ತುಂಬ ಆತಂಕ ಆಯಿತು. ಪತ್ರಿಕೆಯಲ್ಲಿ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ. ಆಗ ನಮ್ಮ ಹಿರಿಯರೊಬ್ಬರು ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ಕಾಯಂ, ಅತಿಥಿ, ಕಚೇರಿಯವರು, ಅಟೆಂಡರ್ ಎಲ್ಲ. "ಇಷ್ಟು ಖಚಿತ, ಇಷ್ಟು ಇನ್ನೂ ತೀರ್ಮಾನ ಆಗಿಲ್ಲ, ಈ ವರ್ಷದ ಪ್ರವೇಶ ಮತ್ತು ಪರೀಕ್ಷೆ ಎಂದಿನಂತೆ ನಡೆಸೋಣ" ಅಂದರು. ಹತ್ತೇ ನಿಮಿಷ. ಆದರೆ ಆ ದಿನದಿಂದ ಸುಮ್ನೆ ಊಹೆ ಮಾಡುವುದು ನಿಂತಿತು. ಇಂಥ ಸುದ್ದಿಯನ್ನು ಹಾಳೆಯಲ್ಲಿ ಬರೆದು ಅಂಟಿಸಿದರೆ ಸಾಲದು ಮೇಡಂ, ಮುಖ ನೋಡಿ ಹೇಳಬೇಕು.

ಈಗ ನಾವು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸೇರುತ್ತೇವೆ. ಒಬ್ಬರು ಒಂದು ವಿಷಯ ಓದಿಕೊಂಡು ಬಂದು ಹೇಳಬೇಕು, ಮುಂದಿನ ತಿಂಗಳು ಇನ್ನೊಬ್ಬರು. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಇರುತ್ತದೆ. ಭಾಷಣಕ್ಕೆ ಬರದವರು ಇದಕ್ಕೆ ಬರುತ್ತಾರೆ. ಹೋದ ಸಲ ಅಟೆಂಡರ್ ಒಬ್ಬರು ಕ್ರೆಡಿಟ್ ಬ್ಯಾಂಕ್ (ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಕೂಡಿಡುವ ಆನ್‌ಲೈನ್ ಖಾತೆ) ಅಂದರೆ ಏನು ಅಂತ ಕೇಳಿದರು, ಅವರ ಮಗಳು ಪದವಿ ಓದುತ್ತಿದ್ದಾಳೆ. ಅವರಿಗೆ ಅರ್ಥವಾಗುವ ಹಾಗೆ ಹೇಳಲು ಹೋದಾಗ ನಮ್ಮಲ್ಲೇ ಅರ್ಧ ಜನಕ್ಕೆ ಅದು ಪೂರ್ತಿ ಗೊತ್ತಿಲ್ಲ ಅಂತ ಗೊತ್ತಾಯಿತು.

ಕೇಳಿದವರು

ಮೊದಲ ಹಾಳೆ ಈ ಸೋಮವಾರ ಹೊರಟಿತು. ಕ್ರಮಸಂಖ್ಯೆ 1. ಮೂರೇ ಸುದ್ದಿ, ಕನ್ನಡದಲ್ಲಿ. ಎನ್‌ಇಪಿ ಮತ್ತು ಎಸ್‌ಇಪಿ ಬ್ಯಾಚುಗಳ ಅಂಕ ಹಂಚಿಕೆಯ ಪಟ್ಟಿ ಮೊದಲನೆಯದು. ಅದನ್ನು ಸಿಂಧನೂರಿನ ಸರ್ ಅನ್ನು ನೆನೆದೇ ಹಾಕಿದೆ. ಕೇರ್ ಪಟ್ಟಿ ನಿಂತಿರುವುದು ಎರಡನೆಯದು. ಮುಂದಿನ ಅಧ್ಯಯನ ಮಂಡಳಿ ಸಭೆಗೆ ಅಭಿಪ್ರಾಯ ಕೇಳಿದ್ದು ಮೂರನೆಯದು.

ಅತಿಥಿ ಉಪನ್ಯಾಸಕರ ನಂಬರುಗಳನ್ನು ಎರಡು ದಿನ ಕೂತು ವಿಭಾಗವಾರು ಬರೆದುಕೊಂಡೆ. ಸೆಮಿಸ್ಟರ್ ಮುಗಿದರೂ ಅವರನ್ನು ಪಟ್ಟಿಯಿಂದ ತೆಗೆಯುವುದಿಲ್ಲ ಅಂತ ಕುಲಸಚಿವರ ಒಪ್ಪಿಗೆ ಪಡೆದಿದ್ದೇನೆ. ಒಂದು ಪ್ರತಿ ನೀರಿನ ಫಿಲ್ಟರ್ ಪಕ್ಕ ಅಂಟಿಸಿದ್ದೂ ಆಯಿತು. ಮಧ್ಯಾಹ್ನ ಅಲ್ಲಿ ಹೋದಾಗ ಪರೀಕ್ಷಾ ವಿಭಾಗದ ಇಬ್ಬರು ನಿಂತು ಓದುತ್ತಿದ್ದರು. ಒಬ್ಬರು ಪೆನ್ನು ತೆಗೆದು ಎರಡನೇ ಸಾಲಿನ ಕೆಳಗೆ ಗೆರೆ ಎಳೆದು, "ಮೇಡಂ, ಮರುಪರೀಕ್ಷೆ ಬರೆಯುವವರಿಗೆ ಯಾವ ಲೆಕ್ಕ?" ಅಂತ ಕೇಳಿದರು. ಅದು ನನಗೆ ಹೊಳೆದೇ ಇರಲಿಲ್ಲ. ಮೌಲ್ಯಮಾಪನ ಕುಲಸಚಿವರ ಹತ್ತಿರ ಬರಹದಲ್ಲಿ ಉತ್ತರ ಕೇಳಿದ್ದೇನೆ. ಬಂದರೆ ಅದೇ 2ನೇ ಹಾಳೆಯ ಮೊದಲ ಸುದ್ದಿ.