ಪದಚರ್ಚೆ: ‘ಪಿಯೆತಾಸ್’ಗೆ ಕನ್ನಡದಲ್ಲಿ ಏನನ್ನೋಣ? ‘ಭಕ್ತಿ’ ಸಾಲದು, ‘ಧರ್ಮ’ ಜಾಸ್ತಿ

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು. ವರ್ಜಿಲ್‌ನ ಲ್ಯಾಟಿನ್ ಮಹಾಕಾವ್ಯ ‘ಈನಿಡ್’ನ ನಾಯಕ ಈನಿಯಸ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅವನನ್ನು ಇವತ್ತಿನ ಅಳತೆಗೋಲಿನಿಂದ ಅಳೆಯಬಾರದು, ರೋಮನ್ನರು ಯಾವ ಗುಣಗಳನ್ನು ದೊಡ್ಡವು ಎಂದುಕೊಂಡಿದ್ದರೋ ಅವುಗಳಿಂದಲೇ ಅಳೆದು ನೋಡಬೇಕು ಎಂಬುದು ನನ್ನ ಆಸೆ. ಆ ಗುಣಗಳನ್ನು ಹುಡುಕಲು ಕಷ್ಟವಿಲ್ಲ. ಕ್ರಿ.ಪೂ. 27ರ ಸುಮಾರಿಗೆ ರೋಮ್‌ನ ಸೆನೆಟ್ ಮೊದಲ ಚಕ್ರವರ್ತಿ ಅಗಸ್ಟಸ್‌ಗೆ ಒಂದು ಚಿನ್ನದ ಗುರಾಣಿ ಕೊಟ್ಟಿತು. ಅದು ನಾಲ್ಕು ಗುಣಗಳನ್ನು ಮೆಚ್ಚಿ ಕೊಟ್ಟದ್ದು: ವಿರ್ತುಸ್, ಕ್ಲೆಮೆಂತಿಯಾ, ಯುಸ್ತಿತಿಯಾ, ಪಿಯೆತಾಸ್. ಅದರ ಅಮೃತಶಿಲೆಯ ನಕಲೊಂದು ಫ್ರಾನ್ಸಿನ ಆರ್ಲ್ ಊರಿನಲ್ಲಿ ಸಿಕ್ಕಿದೆ. ವರ್ಜಿಲ್ ತನ್ನ ಕಾವ್ಯ ಬರೆಯುತ್ತಿದ್ದದ್ದೂ ಆ ವರ್ಷಗಳಲ್ಲೇ. ಕ್ರಿ.ಪೂ. 19ರಲ್ಲಿ ಅವನು ತೀರಿಕೊಂಡಾಗ ಕೊನೆಯ ತಿದ್ದುಪಡಿ ಇನ್ನೂ ಬಾಕಿ ಇತ್ತು.

ಮೊದಲ ಮೂರು ಗುಣಗಳಿಗೆ ಕನ್ನಡದಲ್ಲಿ ತೊಂದರೆ ಇಲ್ಲ. ಯುಸ್ತಿತಿಯಾ ಅಂದರೆ ನ್ಯಾಯ. ಕ್ಲೆಮೆಂತಿಯಾ ಅಂದರೆ ಕೊಲ್ಲುವ ಶಕ್ತಿ ಇದ್ದೂ ಸೋತವನನ್ನು ಉಳಿಸುವುದು. ‘ದಯೆ’ ಅಂದರೆ ಸಾಕು. ವಿರ್ತುಸ್ ಬಂದಿರುವುದು ‘ವಿರ್’ ಎಂಬ ಪದದಿಂದ, ಅಂದರೆ ಗಂಡಸು. ಸಂಸ್ಕೃತದ ‘ವೀರ’ ಅದರ ನಂಟಿನ ಪದ. ಹಳಗನ್ನಡವಂತೂ ಇನ್ನೂ ಹತ್ತಿರ ಹೋಗಿದೆ: ಪಂಪ ‘ಗಂಡಿನೊಳ್ ಭೀಮಸೇನಂ’ ಎನ್ನುವಾಗ ಗಂಡು ಅಂದರೆ ಪರಾಕ್ರಮವೇ ಅಲ್ವಾ?

ಕಷ್ಟ ಇರುವುದು ನಾಲ್ಕನೆಯದರಲ್ಲಿ. ಈನಿಯಸ್‌ಗೆ ಕಾವ್ಯದ ಉದ್ದಕ್ಕೂ ಅಂಟಿಕೊಂಡ ಬಿರುದು ‘ಪಿಯುಸ್’, ಪಿಯೆತಾಸ್ ಉಳ್ಳವನು. ಇದು ಇಂಗ್ಲಿಷಿನ ಪಯಸ್ ಮೂಲಕ ನಮಗೆ ಬರುವಾಗ ‘ದೈವಭಕ್ತ’ ಆಗಿಬಿಡುತ್ತದೆ. ‘ದೈವಭಕ್ತ ಈನಿಯಸ್’ ಎಂದು ಓದಿದವರಿಗೆ ಅವನು ಪೂಜೆ, ಹರಕೆಯ ಮನುಷ್ಯ ಅನ್ನಿಸುತ್ತದೆ. ರೋಮನ್ನರ ಕಿವಿಗೆ ಹಾಗೆ ಕೇಳುತ್ತಿರಲಿಲ್ಲ. ರೋಮನ್ ವಾಗ್ಮಿ ಸಿಸೆರೋ ಎಳೆಯ ವಯಸ್ಸಿನಲ್ಲಿ ಬರೆದ ಒಂದು ಪುಸ್ತಕದಲ್ಲಿ ಪಿಯೆತಾಸ್ ಅಂದರೆ ನಾಡಿಗೆ, ತಂದೆತಾಯಿಗೆ, ರಕ್ತಸಂಬಂಧಿಗಳಿಗೆ ಸಲ್ಲಬೇಕಾದ ಕರ್ತವ್ಯವನ್ನು ಉಳಿಸಿಕೊಳ್ಳಲು ಹೇಳುವ ಗುಣ ಎನ್ನುತ್ತಾನೆ. ಅಲ್ಲಿ ದೇವರ ಹೆಸರೇ ಇಲ್ಲ. ಬೇರೆ ಕಡೆ ಅವನೇ ದೇವರನ್ನೂ ಸೇರಿಸುತ್ತಾನೆ. ಅಂತೂ ದೇವರು, ನಾಡು, ಹೆತ್ತವರು, ಮಕ್ಕಳು ಎಲ್ಲರೂ ಒಂದೇ ಪದದೊಳಗೆ.

ಎರಡನೇ ಸರ್ಗದ ಚಿತ್ರ ನೋಡಿ. ಈನಿಯಸ್‌ನ ಊರು ಟ್ರಾಯ್ ಉರಿಯುತ್ತಿದೆ. ಈನಿಯಸ್ ಮುದಿ ತಂದೆ ಆಂಕೈಸಿಸ್‌ನನ್ನು ಹೆಗಲ ಮೇಲೆ ಹೊತ್ತಿದ್ದಾನೆ. ಮನೆದೇವರ ಮೂರ್ತಿಗಳು ತಂದೆಯ ಕೈಯಲ್ಲಿವೆ. ಯುದ್ಧದ ರಕ್ತ ಮೆತ್ತಿದ ಕೈಯಿಂದ ತಾನು ಅವನ್ನು ಮುಟ್ಟಬಾರದು ಎಂಬುದು ಈನಿಯಸ್‌ನ ಮಾತು. ಮಗ ಕೈಹಿಡಿದು ಪಕ್ಕದಲ್ಲಿ ಪುಟ್ಟ ಹೆಜ್ಜೆ ಹಾಕುತ್ತಿದ್ದಾನೆ. ಹೆಂಡತಿ ಕ್ರೆಯೂಸಾ ಹಿಂದೆ, ಸ್ವಲ್ಪ ದೂರದಲ್ಲಿ. ಅವಳು ಕತ್ತಲಲ್ಲಿ ಕಳೆದುಹೋಗುತ್ತಾಳೆ. ಅವನು ಹುಚ್ಚನಂತೆ ಉರಿಯುವ ಊರೊಳಗೆ ಮತ್ತೆ ನುಗ್ಗಿ ಹುಡುಕುತ್ತಾನೆ, ನಿಜ. ಆದರೆ ಯಾರು ಹೆಗಲ ಮೇಲೆ, ಯಾರು ಕೈಯಲ್ಲಿ, ಯಾರು ಹಿಂದೆ ಎಂಬುದರಲ್ಲೇ ಈ ಗುಣದ ನಕ್ಷೆ ಇದೆ. ನನಗೆ ಇದು ಪ್ರತಿ ಸಲವೂ ನೋವು ಕೊಡುವ ಭಾಗ. ‘ಭಕ್ತಿ’ ಎಂಬ ಪದ ಈ ನಕ್ಷೆಯನ್ನು ತೋರಿಸುವುದಿಲ್ಲ.

ಹಾಗಾದರೆ ‘ಧರ್ಮ’? ವಿಸ್ತಾರವೇನೋ ಸರಿಹೋಗುತ್ತದೆ. ಆದರೆ ಧರ್ಮ ಎಂದ ಕೂಡಲೇ ತೀರ್ಪು ಬಂದುಬಿಡುತ್ತದೆ. ಟ್ರಾಯ್ ಬಿಟ್ಟ ಈನಿಯಸ್ ಕಾರ್ಥೇಜ್‌ನ ರಾಣಿ ಡೈಡೊಳ ಪ್ರೀತಿಯಲ್ಲಿ ಅಲ್ಲೇ ನಿಲ್ಲುತ್ತಾನೆ, ಆಮೇಲೆ ದೇವರ ಅಪ್ಪಣೆಯಂತೆ ಅವಳನ್ನು ಬಿಟ್ಟು ಇಟಲಿಗೆ ಹೊರಡುತ್ತಾನೆ. ‘ಧರ್ಮಿಷ್ಠ ಈನಿಯಸ್ ಡೈಡೊಳನ್ನು ಬಿಟ್ಟು ಹೊರಟ’ ಎಂದರೆ ಬಿಟ್ಟದ್ದು ಸರಿ ಎಂದು ನಾವೇ ಹೇಳಿದಂತೆ. ವರ್ಜಿಲ್ ಅಷ್ಟು ಸುಲಭಕ್ಕೆ ಹೇಳುವುದಿಲ್ಲ.

ನನಗೆ ಹೊಳೆದಿರುವ ಪದ ‘ಋಣ’. ಸುಮ್ನೆ ಹೊಳೆದದ್ದಲ್ಲ. ಕಾವ್ಯದ ತಿರುವುಗಳಲ್ಲೆಲ್ಲ ಲ್ಯಾಟಿನ್ ಕೂಡ ಸಾಲದ ಮಾತನ್ನೇ ಆಡುತ್ತದೆ. ನಾಲ್ಕನೇ ಸರ್ಗದಲ್ಲಿ ಈನಿಯಸ್ ಕಾರ್ಥೇಜ್‌ನಲ್ಲಿ ಡೈಡೊ ಜೊತೆ ನೆಮ್ಮದಿಯಾಗಿದ್ದಾಗ ದೇವದೂತ ಮರ್ಕ್ಯುರಿ ಬರುತ್ತಾನೆ. ‘ನಿನಗೆ ಬೇಡವಾದರೆ ಬಿಡು, ಮಗನನ್ನಾದರೂ ನೋಡು, ಇಟಲಿ ಅವನಿಗೆ ಸಲ್ಲಬೇಕಾದದ್ದು’ ಎಂಬುದು ಅವನ ಮಾತಿನ ಸಾರ. ಅಲ್ಲಿರುವ ಕ್ರಿಯಾಪದ ಸಾಲ ಬಾಕಿ ಇರುವುದಕ್ಕೆ ಬಳಸುವಂಥದ್ದು. ಹನ್ನೊಂದನೇ ಸರ್ಗದಲ್ಲಿ ಇಟಲಿಯಲ್ಲಿ ಈನಿಯಸ್‌ನ ಶತ್ರುವಾದ ಟರ್ನಸ್‌ನ ಕೈಯಲ್ಲಿ ಮಗ ಪ್ಯಾಲಸ್‌ನನ್ನು ಕಳೆದುಕೊಂಡ ಮುದಿ ದೊರೆ, ಮಿತ್ರ ಇವ್ಯಾಂಡರ್ ಈನಿಯಸ್‌ಗೆ ಹೇಳಿ ಕಳಿಸುತ್ತಾನೆ: ನಿನ್ನ ಬಲಗೈ ನನಗೂ ನನ್ನ ಮಗನಿಗೂ ಟರ್ನಸ್‌ನನ್ನು ಕೊಡಬೇಕಿದೆ. ಮತ್ತೆ ಅದೇ ಕ್ರಿಯಾಪದ.

ಈಗ ಡೈಡೊ ಪ್ರಸಂಗಕ್ಕೆ ಬನ್ನಿ. ಜಗಳದ ನಡುವೆ ಈನಿಯಸ್ ಒಂದು ಮಾತು ಒಪ್ಪಿಕೊಳ್ಳುತ್ತಾನೆ: ರಾಣಿ, ನೀನು ನನಗೆ ಮಾಡಿದ ಉಪಕಾರವನ್ನು ನಾನು ಎಂದೂ ಇಲ್ಲ ಅನ್ನುವುದಿಲ್ಲ. ಅಂದರೆ ಅವಳ ಋಣವೂ ಇದೆ. ಅವಳು ಕುಸಿದು ಬಿದ್ದಾಗ ದಾಸಿಯರು ಎತ್ತಿಕೊಂಡು ಹೋಗುತ್ತಾರೆ. ಅವನಿಗೆ ಸಮಾಧಾನ ಹೇಳುವ ಆಸೆ. ಆದರೂ ದೇವರ ಅಪ್ಪಣೆಯಂತೆ ಹಡಗಿನ ಕಡೆ ನಡೆಯುತ್ತಾನೆ. ವರ್ಜಿಲ್ ಸರಿಯಾಗಿ ಅಲ್ಲೇ ‘ಪಿಯುಸ್’ ಎಂಬ ಬಿರುದನ್ನು ಇಡುತ್ತಾನೆ. ‘ಭಕ್ತ’ ಎಂದು ಓದಿದರೆ ಅವನು ದೇವರ ಹೆಸರಿನಲ್ಲಿ ತಪ್ಪಿಸಿಕೊಳ್ಳುವ ಕಪಟಿ. ‘ಧರ್ಮಿಷ್ಠ’ ಎಂದು ಓದಿದರೆ ಡೈಡೊ ಬರೀ ಅಡ್ಡಿ. ಋಣದ ಮಾತಿನಲ್ಲಿ ಓದಿದರೆ ಅವನು ಹಲವು ಋಣ ಹೊತ್ತವನು. ಮಗನದನ್ನೂ ದೇವರದನ್ನೂ ತೀರಿಸಲು ಹೊರಟಿದ್ದಾನೆ, ಅವಳದನ್ನು ತೀರಿಸದೆ ಹೋಗುತ್ತಿದ್ದಾನೆ. ಕಾವ್ಯ ಹೇಳುವುದು ಇದನ್ನೇ ಎಂದು ನನ್ನ ನಂಬಿಕೆ.

ಡೈಡೊಗೂ ಇದು ಗೊತ್ತಿದೆ. ಹಡಗುಗಳು ಹೋಗಿರುವುದನ್ನು ಕಂಡಾಗ ಅವಳು ಕೂಗುತ್ತಾಳೆ: ಮನೆದೇವರನ್ನು ಹೊತ್ತು ತಂದವನಂತೆ, ಮುಪ್ಪಿನ ತಂದೆಯನ್ನು ಹೆಗಲ ಮೇಲೆ ಕೂರಿಸಿಕೊಂಡವನಂತೆ, ನೋಡಿ ಅವನು ಕೈಕೊಟ್ಟು ಆಡಿದ ಮಾತು! ಅವಳು ‘ಫಿದೆಸ್’ ಎಂಬ ಇನ್ನೊಂದು ರೋಮನ್ ಗುಣವನ್ನು, ಕೊಟ್ಟ ಮಾತಿಗೆ ನಿಲ್ಲುವುದನ್ನು, ಅವನ ಪಿಯೆತಾಸ್‌ಗೆ ಎದುರು ನಿಲ್ಲಿಸುತ್ತಾಳೆ. ಅದೇ ಗುಣದಿಂದ ತನ್ನನ್ನೂ ಅಳೆದುಕೊಳ್ಳುತ್ತಾಳೆ: ಸತ್ತ ಗಂಡ ಸಿಕಿಯಸ್‌ಗೆ ಕೊಟ್ಟ ಮಾತನ್ನು ನಾನೂ ಉಳಿಸಿಕೊಳ್ಳಲಿಲ್ಲ.

ಕೊನೆಯ ಸರ್ಗದ ಕೊನೆಯ ಸಾಲುಗಳಲ್ಲಿ ನಾಲ್ಕು ಗುಣಗಳೂ ಡಿಕ್ಕಿ ಹೊಡೆಯುತ್ತವೆ. ಟರ್ನಸ್ ನೆಲಕ್ಕೆ ಬಿದ್ದು, ಕೈ ಚಾಚಿ, ನಿನ್ನ ತಂದೆಯನ್ನು ನೆನೆದು ನನ್ನ ಮುದಿ ತಂದೆಗೆ ಕರುಣೆ ತೋರು ಎನ್ನುತ್ತಾನೆ. ಸೋತವರನ್ನು ಉಳಿಸು, ಸೊಕ್ಕಿದವರನ್ನು ಬಗ್ಗಿಸು ಎಂದು ಆಂಕೈಸಿಸ್‌ನ ಆತ್ಮ ಆರನೇ ಸರ್ಗದಲ್ಲೇ ಹೇಳಿತ್ತು. ಈನಿಯಸ್ ಕೈ ತಡೆಹಿಡಿಯುತ್ತಾನೆ. ಅಷ್ಟರಲ್ಲಿ ಟರ್ನಸ್‌ನ ಮೈಮೇಲೆ, ಅವನು ಕೊಂದು ಕಿತ್ತುಕೊಂಡಿದ್ದ ಪ್ಯಾಲಸ್‌ನ ಕತ್ತಿಪಟ್ಟಿ ಕಾಣುತ್ತದೆ. ಕೋಪದಿಂದ ಉರಿದು ಕತ್ತಿ ಇಳಿಸುತ್ತಾನೆ. ಕಾವ್ಯ ಅಲ್ಲಿಗೆ ಮುಗಿಯುತ್ತದೆ. ದಯೆಯ ಅಳತೆಯಲ್ಲಿ ಇದು ಸೋಲು. ಇವ್ಯಾಂಡರ್‌ನ ಋಣದ ಅಳತೆಯಲ್ಲಿ ಇದು ಸಲ್ಲಿಕೆ. ಸಿಟ್ಟಿನಲ್ಲಿ ತೀರಿಸಿದ ಋಣ ತೀರಿದಂತೆಯೋ ಅಲ್ಲವೋ ಎಂದು ಓದುಗರು ಇವತ್ತಿಗೂ ವಾದಿಸುತ್ತಾರೆ. ನನ್ನ ಮಟ್ಟಿಗೆ ಅದು ತೀರಿದ್ದು ಅರ್ಧ ಮಾತ್ರ.

ರೋಮನ್ನರೆಲ್ಲ ಕಲ್ಲುಮನಸ್ಸಿನವರು, ಅವರಿಗೆ ಇಂಥ ಗೊಂದಲ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ರೋಮನ್ ಇತಿಹಾಸಕಾರ ಲಿವಿಯ ಪುಸ್ತಕದಲ್ಲಿ ಬರುವ ಟೈಟಸ್ ಮ್ಯಾನ್ಲಿಯಸ್ ಕಥೆ ತೋರಿಸಬೇಕು. ತರುಣನಾಗಿದ್ದಾಗ, ತನ್ನನ್ನು ಕಡೆಗಣಿಸಿ ಹೊಲಕ್ಕೆ ಅಟ್ಟಿದ ತಂದೆಯನ್ನೇ ಮೊಕದ್ದಮೆಯಿಂದ ಉಳಿಸಲು ಚಾಕು ಹಿಡಿದು ಹೋದವನು ಅವನು. ಮುಂದೆ ಕ್ರಿ.ಪೂ. 340ರಲ್ಲಿ ಕಾನ್ಸಲ್ (ಸೇನೆ ನಡೆಸುವ ಅತ್ಯುನ್ನತ ಅಧಿಕಾರಿ) ಆಗಿದ್ದಾಗ, ಅಪ್ಪಣೆ ಮೀರಿ ಶತ್ರುವಿನ ಜೊತೆ ಒಂಟಿಯಾಗಿ ಕಾದಾಡಿ ಗೆದ್ದು ಬಂದ ಸ್ವಂತ ಮಗನ ತಲೆ ತೆಗೆಸಿದ. ಅವನು ರೋಮ್‌ಗೆ ಮರಳಿದಾಗ ಎದುರುಗೊಳ್ಳಲು ಹೋದವರು ಹಿರಿಯರು ಮಾತ್ರ. ಯುವಕರು ಆಗಲೂ ಮುಂದೆಯೂ ಅವನನ್ನು ಶಪಿಸಿದರು ಎಂದು ಲಿವಿ ಬರೆಯುತ್ತಾನೆ. ಒಂದೇ ಊರಿನಲ್ಲಿ ಎರಡು ತೀರ್ಪು.

ಒಬ್ಬೊಬ್ಬರನ್ನು ಒಂದೊಂದು ಗುಣದಿಂದ ಅಳೆಯುವ ರೂಢಿ ನಮಗೂ ಹೊಸದಲ್ಲ. ಪಂಪ 941ರ ತನ್ನ ಭಾರತದ ಕೊನೆಯಲ್ಲಿ ಛಲಕ್ಕೆ ದುರ್ಯೋಧನ, ನನ್ನಿಗೆ (ಸತ್ಯಕ್ಕೆ) ಕರ್ಣ, ಧರ್ಮಕ್ಕೆ ಧರ್ಮರಾಯ ಎಂದು ಹಂಚಿದ್ದಾನೆ. ಶತ್ರುಪಕ್ಷದವರಿಗೂ ಅವರವರ ಗುಣ ಕೊಟ್ಟಿದ್ದಾನೆ. ಫಿದೆಸ್‌ಗೆ ‘ನನ್ನಿ’ ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ. ‘ಜೋಳವಾಳಿ’ಯನ್ನೂ ಯೋಚಿಸಿದೆ, ಉಂಡ ಜೋಳಕ್ಕಾಗಿ ಒಡೆಯನ ಪರ ಪ್ರಾಣ ಕೊಡುವ ಕಟ್ಟುಪಾಡು. ಅದರಲ್ಲೂ ಋಣವಿದೆ. ಆದರೆ ಅದು ಒಡೆಯನಿಗೆ ಮಾತ್ರ. ತಂದೆ, ಮಗ, ಮನೆದೇವರು ಅದರಲ್ಲಿ ಹಿಡಿಸುವುದಿಲ್ಲ.

ಈಗ ನನ್ನ ತೊಡಕು. ಋಣ ಎಂಬುದು ಮನುಷ್ಯನ ಮೇಲೆ ಇರುವಂಥದ್ದು. ಪಿಯೆತಾಸ್ ಮನುಷ್ಯನ ಒಳಗೆ ಇರುವಂಥದ್ದು. ‘ಋಣಿ’ ಅಂದರೆ ಸಾಲಗಾರ ಅಥವಾ ಧನ್ಯವಾದ ಹೇಳುವವನು ಆಗುತ್ತಾನೆ. ‘ಋಣಪ್ರಜ್ಞೆ’ ಭಾಷಣದ ಪದ. ‘ಋಣನಿಷ್ಠೆ’ ಅರ್ಥಕ್ಕೆ ಹತ್ತಿರ, ಆದರೆ ಯಾರ ಬಾಯಲ್ಲೂ ಕೇಳಿಲ್ಲ. ವಿಚಿತ್ರವೆಂದರೆ ಬೈಯಲು ‘ಋಣಗೇಡಿ’ ಇದೆ, ಹೊಗಳಲು ಅದರ ಎದುರು ಪದ ನನಗೆ ಸಿಕ್ಕಿಲ್ಲ. ನಿಮ್ಮ ಕಡೆಯ ಮಾತಿನಲ್ಲಿ, ಕರಾವಳಿಯಲ್ಲೋ ಧಾರವಾಡ, ಕಲಬುರಗಿ ಕಡೆಯೋ, ಋಣ ಮರೆಯದವನಿಗೆ ಒಂದೇ ಪದ ಇದೆಯೇ? ಹಳೆಯ ಶಾಸನಗಳನ್ನು ಓದುವವರಿಗೆ ಅಂಥದ್ದು ಕಂಡಿದೆಯೇ?

ಪದ ಸೂಚಿಸುವವರು ದಯವಿಟ್ಟು ಎರಡು ಸಾಲುಗಳಲ್ಲಿ ಕೂರಿಸಿ ನೋಡಿ. ಮೊದಲನೇ ಸರ್ಗದಲ್ಲಿ ಈನಿಯಸ್ ಗುರುತು ಮರೆಸಿ ಬಂದ ತಾಯಿ ವೀನಸ್‌ಗೆ ‘ನಾನು ಪಿಯುಸ್ ಈನಿಯಸ್’ ಎಂದು ಪರಿಚಯ ಹೇಳಿಕೊಳ್ಳುತ್ತಾನೆ. ಅದು ಜಂಬ ಅನ್ನಿಸಬಾರದು. ಹತ್ತನೇ ಸರ್ಗದಲ್ಲಿ ತಂದೆಯನ್ನು ಉಳಿಸಲು ತನ್ನ ಮೇಲೆ ಬೀಳುವ ಹುಡುಗ ಲಾಸಸ್‌ಗೆ ‘ನಿನ್ನ ಪಿಯೆತಾಸ್ ನಿನ್ನನ್ನು ಮೋಸಗೊಳಿಸುತ್ತಿದೆ’ ಎಂದು ಎಚ್ಚರಿಸುತ್ತಾನೆ, ಆಮೇಲೆ ಕೊಂದು ಮರುಗುತ್ತಾನೆ. ಈ ಎರಡೂ ಕಡೆ ನಿಲ್ಲುವ ಒಂದೇ ಪದ ನನಗೆ ಬೇಕು.