ಸಹಾಯ ಬೇಕು: ಬೆಲ್ಸೆನ್ ಸೈನಿಕರ ನೆನಪುಗಳ ಬಗ್ಗೆ ಒಂದು ಗೊಂದಲ

ಹೈಸ್ಕೂಲ್ ಮಕ್ಕಳಿಗೆ ಜರ್ಮನಿಯಲ್ಲಿ ನಾಜಿಗಳು ನಡೆಸುತ್ತಿದ್ದ ಬರ್ಗನ್-ಬೆಲ್ಸೆನ್ ಎಂಬ ಸೆರೆ ಶಿಬಿರದ ಬಗ್ಗೆ ಹೇಳಬೇಕಿದೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಒಳಗೆ ಹೋದಾಗ ಸುಮಾರು 60,000 ಜನ ಬದುಕಿದ್ದರು, ಸಾವಿರಾರು ಹೆಣಗಳು ಹಾಗೇ ಬಿದ್ದಿದ್ದವು. ಸೈನಿಕರ ನೆನಪುಗಳಲ್ಲಿ ಒಂದು ಸಂಕಟ ಮತ್ತೆ ಮತ್ತೆ ಬರುತ್ತದೆ. ಪಾಪ ಅಂತ ತಮ್ಮ ಡಬ್ಬಿ ಊಟ ಕೊಟ್ಟರು, ತಿಂದವರು ಸತ್ತರು. ಬಿಡುಗಡೆಯ ನಂತರವೂ 13,000ಕ್ಕಿಂತ ಜಾಸ್ತಿ ಜನ ತೀರಿಕೊಂಡರು, ಆದರೆ ಓದಲು ಸಿಕ್ಕಿದ್ದರಲ್ಲೆಲ್ಲ ಹೇನುಗಳಿಂದ ಹರಡುವ ಟೈಫಸ್ ಜ್ವರದ ಮಾತೇ ಜಾಸ್ತಿ. ಬಂಗಾಳದ ಬರಗಾಲದಲ್ಲಿ ಬಳಸಿದ್ದ ಹಾಲಿನಪುಡಿ, ಹಿಟ್ಟು, ಸಕ್ಕರೆಯ ಗಂಜಿಯನ್ನೂ ಅಲ್ಲಿ ಕೊಟ್ಟು ನೋಡಿದರಂತೆ, ತುಂಬಾ ಸಿಹಿ ಅಂತ ಹಲವರಿಗೆ ಸೇರಲಿಲ್ಲ. ಆ ಸೈನಿಕರು ಕೊನೆವರೆಗೂ ಹೊತ್ತ ನೋವನ್ನು ಮಕ್ಕಳ ಮುಂದೆ ಸುಮ್ನೆ ತಪ್ಪಾಗಿ ಹೇಳಬಾರದು ಅಲ್ವಾ? ಡಾಕ್ಟರ್‌ಗಳು, ಇತಿಹಾಸ ಬಲ್ಲವರು ಹೇಳಿ, ಹಸಿದು ಸೊರಗಿದ ದೇಹಕ್ಕೆ ಊಟವೇ ಹೇಗೆ ಮುಳುವಾಗುತ್ತದೆ, ಈ ಸಾವುಗಳಲ್ಲಿ ಊಟದ ಪಾಲನ್ನೂ ಟೈಫಸ್ ಪಾಲನ್ನೂ ಬೇರೆ ಮಾಡಿ ಹೇಳಲು ಆಗುತ್ತದಾ?